ಸಚಿನ್‌ಗೆ ಆರು ನಿಲುಗಡೆ

ಮೂವತ್ತೊಂದು ವರ್ಷ ಎಣ್ಣೆ ಕಂಪನಿಯ ಅನ್ನ ಉಂಡವನು ನಾನು. ನೆಲದಡಿಯ ತೈಲವನ್ನು ಮೇಲೆತ್ತುವ ಪಂಪುಗಳ ಸಹವಾಸದಲ್ಲೇ ತಲೆಗೂದಲು ಬೆಳ್ಳಗಾಯಿತು. ಅಂಥವನು ವಿದ್ಯುತ್ ಕಾರು ಬುಕ್ ಮಾಡಿದ್ದಾನೆಂಬ ಸುದ್ದಿ ಹಬ್ಬಿದ ದಿನ ಅಹಮದಾಬಾದಿನ ಚಾಂದ್‌ಖೇಡಾದ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಚಹಾದ ಜೊತೆ ನಂಚಿಕೊಳ್ಳಲು ಯಾರಿಗೂ ಬೇರೇನೂ ಬೇಕಾಗಲಿಲ್ಲ. ದಾವಣಗೆರೆ ಕಡೆಯ ಸಹೋದ್ಯೋಗಿಯೊಬ್ಬರು, “ಉಂಡ ಮನೆಗೆ ಎರಡು ಬಗೀತೀರಲ್ರೀ!” ಎಂದು ಎಲ್ಲರೆದುರೇ ಛೇಡಿಸಿದರು. ನಾನು ನಕ್ಕೆ. ಆ ದಿನಗಳಲ್ಲಿ ಯಾರು ಏನೆಂದರೂ ನಗುತ್ತಿದ್ದೆ. ಐವತ್ತೇಳರ ವಯಸ್ಸಿನಲ್ಲಿ, ಹೊಸ ಸೈಕಲ್ ಸಿಕ್ಕ ಹುಡುಗನ ಹಾಗೆ ಆಗಿಬಿಟ್ಟಿದ್ದೆ.

ಕಾರು ಇನ್ನೂ ಬಂದಿರಲಿಲ್ಲ, ಆಗಲೇ ನಾನು ದಾರಿಯ ಲೆಕ್ಕ ಹಾಕತೊಡಗಿದ್ದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದೆಂದರೆ ಇದೇ. ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತರೆ ಅಹಮದಾಬಾದಿನಿಂದ ಹೊರಟ ನನ್ನ ಬೆರಳು ವಡೋದರ, ಸೂರತ್, ವಾಪಿ, ಪುಣೆ, ಕೊಲ್ಹಾಪುರ ದಾಟಿ ಹುಬ್ಬಳ್ಳಿ ಮುಟ್ಟುವವರೆಗೆ ನಿಲ್ಲುತ್ತಿರಲಿಲ್ಲ. ಫೋನಿನಲ್ಲಿ ಚಾರ್ಜಿಂಗ್ ಸ್ಟೇಷನ್ ತೋರಿಸುವ ಆ್ಯಪ್‌ಗಳು ಐದಾದವು. ಒಂದು ಆ್ಯಪ್ “ಇದೆ” ಎಂದ ಚಾರ್ಜರನ್ನು ಇನ್ನೊಂದು “ಇಲ್ಲವೇ ಇಲ್ಲ” ಎನ್ನುತ್ತಿತ್ತು. ಅದೂ ಮಜವೇ. ಪೆಟ್ರೋಲ್ ಕಾರಿನಲ್ಲಿ ಕೀಲಿ ತಿರುವಿದರೆ ಊರು ಬಂತು. ಇದರಲ್ಲಿ ಮೊದಲು ತಲೆ ಓಡಬೇಕು, ಆಮೇಲೆ ಗಾಲಿ. ನನ್ನಂಥ ಇಂಜಿನಿಯರನಿಗೆ ಇದಕ್ಕಿಂತ ದೊಡ್ಡ ಆಟಿಕೆ ಬೇಕೆ? ನನ್ನ ಹೆಂಡತಿ ಮಾತ್ರ, “ಇಷ್ಟು ಲೆಕ್ಕಾ ಮದುವಿ ಮಾಡ್ಕೊಳ್ಳುವಾಗ ಹಾಕಿದ್ರೇನು?” ಎಂದು ಕೇಳಿ ಮಲಗಲು ಹೋಗುತ್ತಿದ್ದಳು.

ಕಾರು ತರಲು ಶೋರೂಮಿಗೆ ಹೋದಾಗ ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆವು. ಅಪ್ಪನಿಗೆ ಎಂಬತ್ತೊಂದು. ಅವ್ವ ತೀರಿಕೊಂಡ ಮೇಲೆ ನಮ್ಮೊಡನೆಯೇ ಇದ್ದಾರೆ. ಶೋರೂಮಿನ ಹುಡುಗಿ ಬಾನೆಟ್ಟಿಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಕೈಗೆ ಕೊಟ್ಟು, “ದಾದಾಜಿ, ಸೂರತ್ ತಕ್ ನಾನ್‌ಸ್ಟಾಪ್!” ಎಂದಳು. ಅಪ್ಪನ ಮುಖ ಇಳಿದುಹೋಯಿತು.

“ನಡುವ ಎಲ್ಲೂ ನಿಂದ್ರಂಗಿಲ್ಲೇನಿದು?” ಎಂದು ನನ್ನನ್ನು ಕೇಳಿದರು.

ಪಕ್ಕಾ ಇಂಜಿನಿಯರನಾಗಿ ಉತ್ತರ ಕೊಟ್ಟೆ. ಕಂಪನಿ ಹೇಳುವ ಮೈಲಿ ಬೇರೆ, ಹೆದ್ದಾರಿಯಲ್ಲಿ ಸಿಗುವ ಮೈಲಿ ಬೇರೆ. ಸೂರತ್ ಮುಟ್ಟುವಷ್ಟರಲ್ಲಿ ಒಮ್ಮೆಯಾದರೂ ನಿಲ್ಲಿಸುವುದು ಜಾಣತನ. ಆಗಾಗ ಸ್ವಲ್ಪ ಸ್ವಲ್ಪ ಚಾರ್ಜ್ ಮಾಡಿದರೆ ಬ್ಯಾಟರಿಗೂ ಒಳ್ಳೆಯದೇ.

“ಆಗಾಗ ನಿಂತ್ರ ಚಲೋ ಅಂದಿ?”

“ಹೌದ್ರೀ ಅಪ್ಪಾ, ಕೆಟ್ಟದ್ದೇನಿಲ್ಲ.”

ಅವರ ಮುಖ ಅರಳಿತು. ಕಾಯಿಯನ್ನು ಅವರೇ ಒಡೆದರು. ಮನೆಗೆ ಬರುವ ದಾರಿಯಲ್ಲಿ, ಯಾರೂ ಕೇಳದೆಯೇ, “ಹಂಗಾದ್ರ ಅಕ್ಕನ ಮನಿಗೆ ಹೋಗಿ ಬರೂಣು” ಎಂದರು. ನನ್ನ ಹೆಂಡತಿ ಹಿಂದಿನ ಸೀಟಿನಿಂದ ನನ್ನ ಭುಜ ತಿವಿದಳು. ಈ ಮಾತಿಗಾಗಿ ನಾವು ಮೂರು ವರ್ಷ ಕಾದಿದ್ದೆವು.

ಅಪ್ಪನ ಅಕ್ಕ, ನನ್ನ ಸೋದರತ್ತೆ, ಇರುವುದು ಸೂರತ್ತಿನ ಆಚೆಯ ಸಚಿನ್‌ನಲ್ಲಿ. ಅವಳ ಮಗನಿಗೆ ಅಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಕೆಲಸ. ಹೆತ್ತವರನ್ನು ಬೇಗ ಕಳಕೊಂಡ ಅಪ್ಪನನ್ನು ಎತ್ತಿ ಆಡಿಸಿ, ಉಣಿಸಿ, ಶಾಲೆಗೆ ಹಾಕಿದವಳು ಅವಳೇ. ಪ್ರತಿ ರವಿವಾರ ಫೋನು ಮಾಡುತ್ತಾಳೆ. ಚಳಿಗಾಲದಲ್ಲಂತೂ ಅವಳ ಬಳಿ ಒಂದು ಗಾಳವಿರುತ್ತದೆ: ಸೂರತ್ತಿನ ಪೋಂಕ್. ಎಳೆ ಜೋಳದ ತೆನೆ ಸುಟ್ಟು ಬಡಿದು ತೆಗೆದ ಹಸಿರು ಕಾಳು. ನಮ್ಮ ಕಡೆಯ ಸೀತನಿಯೇ, ಹೆಸರು ಬೇರೆ. “ಸೀತನಿ ಬಂದೈತೋ ತಮ್ಮಾ, ಬಾರೋ” ಎನ್ನುತ್ತಾಳೆ. ಸೀತನಿಯೆಂದರೆ ಪ್ರಾಣ ಬಿಡುವ ಅಪ್ಪ, “ಬರ್ತೀನವಾ, ಬರ್ತೀನಿ” ಎನ್ನುತ್ತಾರೆ. ಹೋಗುವುದಿಲ್ಲ. ಟಿಕೆಟ್ ತೆಗೆಸಿದರೆ ಹಿಂದಿನ ದಿನ ಮೈ ಬಿಸಿಯಾಗಿದೆ ಎನ್ನುತ್ತಾರೆ. ಬಾಡಿಗೆ ಕಾರು ಹೇಳಿದರೆ ಅದರ ವಾಸನೆ ಆಗದು. ಅತ್ತೆಯೂ ಇಲ್ಲಿಗೆ ಬರಲಿಲ್ಲ. ಅವಳದು ಮೊಣಕಾಲು ನೋವು. ಜೀವಮಾನವೆಲ್ಲ ರೈಲ್ವೆಯಲ್ಲಿ ಕಳೆದ ಮನುಷ್ಯ ಒಂದು ಮುಂಜಾನೆಯ ಪಯಣಕ್ಕೆ ಹೀಗೆ ನೆಪ ಹೇಳುವುದನ್ನು ಕಂಡು ನನಗೆ ಸಿಟ್ಟೇ ಬರುತ್ತಿತ್ತು. ವಯಸ್ಸಾದಂತೆ ಕಲ್ಲಾಗಿಬಿಟ್ಟರೆಂದು ಹೆಂಡತಿಯ ಮುಂದೆ ಆಡಿಯೂ ಇದ್ದೆ. ಅತ್ತೆಗೆ ಎಂಬತ್ತೊಂಬತ್ತು. ಇನ್ನೆಷ್ಟು ಚಳಿಗಾಲಗಳಿವೆ ಎಂಬುದನ್ನು ನಾವ್ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಈಗ ಅವರೇ ಬರುತ್ತೇನೆಂದರು. ಬರುತ್ತೇನೆಂದದ್ದಷ್ಟೇ ಅಲ್ಲ, ಮರುದಿನ ನನ್ನ ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿ ಊಟದ ಮೇಜಿನ ಮೇಲೆ ದೊಡ್ಡ ಗ್ರಾಫ್ ಹಾಳೆ ಹರಡಿದರು. ಬೆಳಿಗ್ಗೆ ತಾವೇ ನಡೆದುಹೋಗಿ ಸ್ಟೇಷನರಿ ಅಂಗಡಿಯಿಂದ ತಂದಿದ್ದರು. ಜೊತೆಗೆ ಸ್ಕೇಲು, ರಬ್ಬರು, ಬಣ್ಣದ ಪೆನ್ಸಿಲ್ಲು.

ಅಪ್ಪ ಹುಬ್ಬಳ್ಳಿಯ ಕಂಟ್ರೋಲ್ ಆಫೀಸಿನಲ್ಲಿ ಸೆಕ್ಷನ್ ಕಂಟ್ರೋಲರ್ ಆಗಿದ್ದವರು. ಕಿವಿಗೆ ಹೆಡ್‌ಫೋನ್, ಎದುರಿಗೆ ಮೇಜಿನಷ್ಟಗಲದ ಚಾರ್ಟು. ಚಾರ್ಟಿನಲ್ಲಿ ಅಡ್ಡಕ್ಕೆ ಗಂಟೆಗಳು, ಉದ್ದಕ್ಕೆ ಸ್ಟೇಷನ್ನುಗಳು. ಪ್ರತಿ ಗಾಡಿಗೂ ಒಂದು ಓರೆ ಗೆರೆ. ಗೆರೆ ಕಡಿದಾಗಿದ್ದರೆ ಗಾಡಿ ಜೋರಾಗಿ ಓಡುತ್ತಿದೆ, ಚಪ್ಪಟೆಯಾಗಿದ್ದರೆ ಎಲ್ಲೋ ನಿಂತಿದೆ. ಯಾವ ಗೂಡ್ಸನ್ನು ಎಲ್ಲಿ ಪಕ್ಕಕ್ಕೆ ಹಾಕಿ ಯಾವ ಎಕ್ಸ್‌ಪ್ರೆಸ್ಸನ್ನು ಮುಂದೆ ಬಿಡಬೇಕೆಂದು ಎಂಟು ತಾಸು ಆ ಗೆರೆಗಳ ಜೊತೆ ಗುದ್ದಾಡಿ, ಬೆರಳಿಗೆ ಸೀಸದ ಕರಿ ಮೆತ್ತಿಕೊಂಡು ಮನೆಗೆ ಬರುತ್ತಿದ್ದರು. ಗಾಡಿ ಓಡಿಸುವವನು ಡ್ರೈವರನಾದರೂ ಅದು ಎಲ್ಲಿ ನಿಲ್ಲಬೇಕೆಂದು ಹೇಳುವವನು ಕಂಟ್ರೋಲರ್. ನಿವೃತ್ತರಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷವಾದ ಮೇಲೆ ಅವರ ಕೈಗೆ ಮತ್ತೆ ಒಂದು ಗಾಡಿ ಸಿಕ್ಕಿತ್ತು.

ಚಾಂದ್‌ಖೇಡಾದಿಂದ ಸಚಿನ್‌ಗೆ ಸುಮಾರು ಇನ್ನೂರೆಂಬತ್ತು ಕಿಲೋಮೀಟರು. ನನ್ನ ಯೋಜನೆ ಸರಳ: ಮುಂಜಾನೆ ಆರಕ್ಕೆ ಹೊರಡು, ಎಕ್ಸ್‌ಪ್ರೆಸ್‌ ವೇ ಹಿಡಿದು ವಡೋದರ ದಾಟು, ಭರೂಚ್‌ನಲ್ಲಿ ಅರ್ಧ ತಾಸು ಚಾರ್ಜು, ಹನ್ನೊಂದೂವರೆಗೆ ಅತ್ತೆಯ ಕೈಯ ಚಹಾ. ಅಪ್ಪನ ಚಾರ್ಟಿನಲ್ಲಿ ಆರು ಚಪ್ಪಟೆ ಗೆರೆಗಳಿದ್ದವು. ನಡಿಯಾದ್, ವಡೋದರದ ಮಂಜಲ್‌ಪುರ, ಕರ್ಜಣ್, ಭರೂಚ್, ಕೋಸಂಬಾ, ಕಾಮ್ರೇಜ್. ಒಂದೊಂದರಲ್ಲೂ ಇಪ್ಪತ್ತೈದು ನಿಮಿಷ. ಮುಟ್ಟುವುದು ಎರಡಕ್ಕೆ.

“ಅಪ್ಪಾ, ಇದು ಪ್ಯಾಸೆಂಜರ್ ಗಾಡಿ ಅಲ್ರೀ!”

“ನಿನ್ನ ಗಾಡಿ ಪೂರ್ತಿ ಖಾಲಿ ಆದಮ್ಯಾಲೆ ಚಾರ್ಜರ್ ಕೆಟ್ಟಿದ್ರ ಏನ್ಮಾಡ್ತಿ? ಮುಂದಿನ ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ಸಿಗದ ಗಾಡಿ ಬಿಡಬಾರದು.”

ಮಾತು ಸುಳ್ಳೇನಲ್ಲ. ಆದರೆ ನಡಿಯಾದ್‌ನಲ್ಲಿ ನಿಲ್ಲುವುದೆಂದರೆ ಎಕ್ಸ್‌ಪ್ರೆಸ್‌ ವೇಯಿಂದ ಕೆಳಗಿಳಿದು ಊರೊಳಗೆ ಹೋಗಿ ಮತ್ತೆ ಹತ್ತಬೇಕು. ಅಷ್ಟು ಹೊತ್ತಿಗೆ ಬ್ಯಾಟರಿ ಕಾಲು ಭಾಗವೂ ಖಾಲಿಯಾಗಿರುವುದಿಲ್ಲ. ಹೊಟ್ಟೆ ತುಂಬಿದವನಿಗೆ ಮತ್ತೆ ಪಂಕ್ತಿಯಲ್ಲಿ ಎಲೆ ಹಾಕಿದಂತೆ. ನಾನು ಹೇಳಿದೆ, ಅವರು ಕೇಳಲಿಲ್ಲ. ಎರಡು ವಾರ ನಮ್ಮ ಮನೆಯ ಊಟದ ಮೇಜು ಕಂಟ್ರೋಲ್ ಆಫೀಸಾಯಿತು, ನಾವು ಚಾಪೆ ಹಾಸಿ ನೆಲದ ಮೇಲೆ ಉಂಡೆವು. ಜಗಳವಾಡುತ್ತಲೇ ಇಬ್ಬರೂ ಅಷ್ಟೊಂದು ಖುಷಿಯಲ್ಲಿದ್ದದ್ದು ನನಗೆ ನೆನಪಿರುವಂತೆ ಅದೇ ಮೊದಲು.

ಅಪ್ಪ ಒಂದೊಂದು ಚಾರ್ಜಿಂಗ್ ಸ್ಟೇಷನ್ನಿಗೂ ತಾವೇ ಫೋನು ಹಚ್ಚಿದರು. ಆ್ಯಪ್‌ನಲ್ಲಿ ಕೊಟ್ಟ ನಂಬರಿಗೆ ಹೋಟೆಲಿನವರೋ ಕಾವಲುಗಾರರೋ ಸಿಗುತ್ತಿದ್ದರು. “ಚಾರ್ಜರ್ ಚಾಲು ಹೈ?” ಎಂದು ತಮ್ಮ ರೈಲ್ವೆ ಹಿಂದಿಯಲ್ಲಿ ಕೇಳುತ್ತಿದ್ದರು. “ಚಾಲು ಛೇ, ಚಾಲು ಛೇ” ಎಂದು ಆ ಕಡೆಯಿಂದ. ಅಲ್ಲಿಗೆ ಬಿಡುತ್ತಿರಲಿಲ್ಲ. “ಶೌಚಾಲಯ ಹೈ? ಸಾಫ್ ಹೈ? ಪಾನಿ ಆತಾ ಹೈ? ಸೀಡೀ ಹೈ ಕ್ಯಾ?” ಮೆಟ್ಟಿಲಿದ್ದರೆ ಹಾಳೆಯ ಅಂಚಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಹಳೇ ಅಧಿಕಾರಿಯ ತಪಾಸಣೆಯ ಚಟ ಎಂದುಕೊಂಡು ನಾನು ಮುಸಿಮುಸಿ ನಗುತ್ತಿದ್ದೆ. ಕಣ್ಣಿದ್ದೂ ಕುರುಡ ಎನ್ನುತ್ತಾರಲ್ಲ, ಆ ಮಾತನ್ನು ನನ್ನನ್ನು ನೋಡಿಯೇ ಕಟ್ಟಿರಬೇಕು.

ಸಂಕ್ರಾಂತಿ ಮುಗಿದ ವಾರ ಹೊರಟೆವು. ನಮ್ಮ ಬೀದಿಯ ವಿದ್ಯುತ್ ತಂತಿಗಳ ಮೇಲೆ ಹರಿದ ಗಾಳಿಪಟಗಳು ಇನ್ನೂ ತೂಗುತ್ತಿದ್ದವು. ಹೆಂಡತಿ ಹಿಂದಿನ ದಿನವಿಡೀ ಶೇಂಗಾ ಹೋಳಿಗೆ ಮಾಡಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬಡಿದು ಡಬ್ಬಿಗಳಲ್ಲಿ ಒತ್ತಿ ತುಂಬಿದ್ದಳು. ಅಪ್ಪ ಇಸ್ತ್ರಿ ಮಾಡಿದ ಪ್ಯಾಂಟು, ಉಣ್ಣೆ ಕೋಟು, ತಲೆಗೆ ಟೋಪಿ, ಕೊರಳಿಗೆ ಶಾಲು ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತರು. ಮಡಿಲಲ್ಲಿ ಚಾರ್ಟು. ಹೊರಡುವಾಗ ಹೆಂಡತಿ ಚಹಾ ಕೊಟ್ಟರೆ ಬೇಡವೆಂದರು.

ಕಾರು ಸದ್ದಿಲ್ಲದೆ ಗೇಟು ದಾಟಿತು. ಆ ಮುಂಜಾನೆಯ ಸಂಭ್ರಮವನ್ನು ಹೇಗೆ ಹೇಳಲಿ! ನೂರಕ್ಕೆ ನೂರು ತುಂಬಿದ ಬ್ಯಾಟರಿ, ಖಾಲಿ ರಿಂಗ್ ರೋಡು, ಹಿಂದೆ ಹೋಳಿಗೆಯ ತುಪ್ಪದ ಘಮ. ಅಪ್ಪ ಗಡಿಯಾರ ನೋಡಿ, “ಚಾಂದ್‌ಖೇಡಾ, ಆರು ಗಂಟೆ ನಾಕು ನಿಮಿಷ. ನಾಕು ಮಿನಿಟು ಲೇಟು” ಎಂದು ಚಾರ್ಟಿನಲ್ಲಿ ಚುಕ್ಕೆ ಇಟ್ಟರು. ಎಕ್ಸ್‌ಪ್ರೆಸ್‌ ವೇ ಹತ್ತಿದಾಗ ಎಡಗಡೆಯಿಂದ ಸೂರ್ಯ ಮೇಲೆದ್ದ, ಹೊಲಗಳ ಮೇಲಿನ ಮಂಜು ಕೆಂಪಾಯಿತು. ಹೆಂಡತಿ ಹಾಡು ಗುನುಗತೊಡಗಿದಳು. ಮೂವರೂ ಮಕ್ಕಳಾಗಿದ್ದೆವು.

ನಡಿಯಾದ್‌ನ ಫಲಕ ಕಂಡಾಗ ಬ್ಯಾಟರಿ ನೋಡಿದೆ. ಎಪ್ಪತ್ತೊಂಬತ್ತು. ನನ್ನ ಲೆಕ್ಕಕ್ಕಿಂತ ಮೂರು ಹೆಚ್ಚೇ ಉಳಿದಿತ್ತು. ಆ ಮೂರು ಅಂಕಿ ನನ್ನ ತಲೆಗೇರಿತು. ಕಾರು ಏನೆಂಬುದನ್ನು ಈ ಮುದುಕನಿಗೆ ತೋರಿಸಿಯೇಬಿಡುತ್ತೇನೆ ಎನಿಸಿತು.

“ಅಪ್ಪಾ, ನಡಿಯಾದ್ ಥ್ರೂ ಪಾಸ್!” ಎಂದು ಕೂಗಿ, ಇಳಿಯುವ ದಾರಿಯನ್ನು ಎಡಕ್ಕೆ ಬಿಟ್ಟು ಮುಂದೆ ಹೊಡೆದೆ.

“ಏ, ನಿಲ್ಲೋ. ಇಲ್ಲಿ ಹಾಲ್ಟ್ ಐತಿ.”

“ಎಂಬತ್ತರ ಹತ್ರ ಐತ್ರೀ ಚಾರ್ಜು. ಯಾಕ ಸುಮ್ಮನ?”

ಸ್ವಲ್ಪ ಹೊತ್ತಿನ ಮೇಲೆ, “ಎಲ್ಲೆರೆ ಒಂದೀಟು ನಿಂದ್ರಸು” ಎಂದರು. ಇಲ್ಲಿ ನಿಲ್ಲಿಸುವಂತಿಲ್ಲ, ದಂಡ ಹಾಕುತ್ತಾರೆ, ಇನ್ನರ್ಧ ತಾಸಿನಲ್ಲಿ ವಡೋದರ ಬಂದೇಬಿಟ್ಟಿತು ಎಂದೆ. ಮತ್ತೆ ಹತ್ತು ನಿಮಿಷಕ್ಕೆ, ತೀರ ಸಣ್ಣ ದನಿಯಲ್ಲಿ, “ನಿಂದ್ರಸಂಗಿಲ್ಲೇನು?” ಎಂದರು. ನನಗೆ ರೇಗಿತು.

“ಪ್ರತಿಯೊಂದಕ್ಕೂ ನಿಮ್ಮ ಚಾರ್ಟು ಚಾರ್ಟು! ಕಾರು ನಂದೈತಿ, ಅದಕ್ಕೇನು ಬೇಕು ಅನ್ನೋದು ನನಗ ಗೊತ್ತೈತಿ. ಸುಮ್ಮ ಕುಂದರ್ರಿ.”

ಸುಮ್ಮನೆ ಕೂತರು. ನಾನು ಖುಷಿಯಿಂದ ಓಡಿಸಿದೆ. ಟೋಲ್‌ನ ಸಾಲಿನಲ್ಲಿ ನಿಂತಾಗ ಅವರು ಕೊರಳಿನ ಶಾಲು ತೆಗೆದು ತೊಡೆಯ ಮೇಲೆ ಹರಡಿಕೊಂಡದ್ದು ಕಣ್ಣಂಚಿನಲ್ಲಿ ಕಂಡಿತು. ಚಳಿ ಇರಬೇಕೆಂದು ಹೀಟರನ್ನು ಒಂದು ಅಂಕಿ ಏರಿಸಿದೆ.

ವಡೋದರದ ಹೊರಗೆ ಟೈರಿಗೆ ಗಾಳಿ ನೋಡಿಸಲು ಒಂದು ಪೆಟ್ರೋಲ್ ಪಂಪಿಗೆ ತಿರುಗಿದೆ. ಮುಂದಿನ ನಿಲುಗಡೆ ಮಂಜಲ್‌ಪುರ. ಅಲ್ಲಿ ನಮ್ಮ ಪರಿಚಯದ ಗದಗಿನ ಕಡೆಯ ದಂಪತಿ, ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದವರು, ನಮಗಾಗಿ ಉಪ್ಪಿಟ್ಟು ಮಾಡಿಕೊಂಡು ಕಾಯುತ್ತಿದ್ದರು. ನಾನು ಅಪ್ಪನ ಬಾಗಿಲು ತೆಗೆದು, “ಇಳೀರಿ, ಕಾಲು ಸಡಿಲ ಮಾಡ್ಕೊಳ್ರಿ” ಎಂದೆ.

“ನಾ ಇಲ್ಲೇ ಇರ್ತೀನಿ.”

“ಬರ್ರಿ ಅಪ್ಪಾ.”

“ಒಲ್ಲೆ ಅಂದ್ನಲ್ಲ.” ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಎದುರಿನ ಗಾಜನ್ನು ನೋಡುತ್ತಿದ್ದರು. ಕಣ್ಣು ತುಂಬಿದ್ದವು.

ನನ್ನ ಹೆಂಡತಿ ಕೆಳಗಿಳಿದು ಬಂದು ಒಮ್ಮೆ ಅವರನ್ನು, ಒಮ್ಮೆ ಆ ಶಾಲನ್ನು ನೋಡಿದಳು. ಡಿಕ್ಕಿ ತೆಗೆದು ಚೀಲದಿಂದ ಧೋತರ, ಟವೆಲು ಎಳೆದು ನನ್ನ ಕೈಗಿಟ್ಟು, “ಕರಕೊಂಡು ಹೋಗ್ರಿ. ಲಗೂನ” ಎಂದು ಪಿಸುಗುಟ್ಟಿ, ಬೇರೆ ಕಡೆ ಮುಖ ಮಾಡಿ ನಿಂತಳು. ಆಗ ತಿಳಿಯಿತು ನನಗೆ.

ಪಂಪಿನ ಶೌಚಾಲಯ ಸ್ವಚ್ಛವಾಗಿತ್ತು, ನೀರಿತ್ತು. ಎಣ್ಣೆ ಕಂಪನಿಯವನಾದ ನಾನು ಪೆಟ್ರೋಲ್ ಪಂಪೊಂದಕ್ಕೆ ಮನಸ್ಸಿನಲ್ಲೇ ಕೈಮುಗಿದದ್ದು ಅಂದೇ. ಒಳಗೆ ಅಪ್ಪ ಗೋಡೆಗೆ ಮುಖ ಮಾಡಿ ನಿಂತು ಬಟ್ಟೆ ಬದಲಿಸಿದರು. ಒದ್ದೆ ಪ್ಯಾಂಟನ್ನು ನಾನೇ ತೊಳೆಯುತ್ತೇನೆಂದರೆ ಬಿಡಲಿಲ್ಲ, ಕೈಯಿಂದ ಕಿತ್ತುಕೊಳ್ಳಲು ನೋಡಿದರು. ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಕೊನೆಗೆ ಅವರೇ ಬಿಟ್ಟರು. ನಳದ ಕೆಳಗೆ ಹಿಂಡುತ್ತ ನನಗೆ ಅಳು ಬಂತು. ನಾಚಿಕೆಯ ಅಳು. ಅಪ್ಪನದ್ದಲ್ಲ, ನನ್ನದು.

ಅವರನ್ನು ಕಾರಿನಲ್ಲಿ ಕೂರಿಸಿ ಗಾಳಿ ಹಾಕುವ ಜಾಗಕ್ಕೆ ಬಂದರೆ ಹೆಂಡತಿ ಕಾದಿದ್ದಳು.

“ನಿಮಗ ಗೊತ್ತೈತಿ ಅಂತ ತಿಳ್ಕೊಂಡಿದ್ನಿ. ಕ್ಷೌರದ ಅಂಗಡಿಗೆ ಹೋಗೂ ಮುಂದೂ ಎರಡು ತಾಸು ನೀರು ಕುಡಿಯಂಗಿಲ್ಲ ಅವ್ರು. ತಾಸಿಗೊಮ್ಮೆ ಹೋಗಬೇಕಾಗ್ತೈತಿ. ರೈಲಿನ್ಯಾಗ ಆ ಜೋಲಿಯೊಳಗ ಎದ್ದು ಹೋಗಾಕ ಆಗಂಗಿಲ್ಲ, ಬಾಡಗಿ ಕಾರಿನವನ ಮುಂದ ಬಾಯಿಬಿಟ್ಟು ಹೇಳಾಕ ಆಗಂಗಿಲ್ಲ. ಈ ಕಾರು ನಿಂತ್ ನಿಂತ್ ಹೋಗ್ತೈತಿ ಅಂದಕೂಡ್ಲೆ ಎಷ್ಟು ಖುಷಿಯಾಗಿದ್ರು ನೋಡಲಿಲ್ಲೇನ್ರಿ? ಕಾರಿನ ಹೆಸರಿನ್ಯಾಗ ಅವ್ರು ಇಳೀತಿದ್ರು. ಅದನ್ನೂ ಕಸಗೊಂಡ್ರಿ.”

ಮೂರು ವರ್ಷದ ನೆಪಗಳೆಲ್ಲ ಒಂದೇ ಏಟಿಗೆ ನನ್ನ ಮುಂದೆ ಬಂದು ನಿಂತವು. ಬಿಸಿಯಾಗದ ಮೈ, ವಾಸನೆ ಬರದ ಬಾಡಿಗೆ ಕಾರು. ಬ್ಯಾಟರಿ ಎಷ್ಟು ದೂರ ಬರುತ್ತದೆಂದು ಎರಡು ವಾರ ಲೆಕ್ಕ ಹಾಕಿದವನು ನಾನು. ಪಕ್ಕದಲ್ಲಿ ಕೂತ ಮನುಷ್ಯ ಎಷ್ಟು ಹೊತ್ತು ಕೂರಬಲ್ಲ ಎಂದು ಒಮ್ಮೆಯೂ ಕೇಳಿರಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ?

ಕಾರಿಗೆ ಮರಳಿದಾಗ ಅಪ್ಪ ಚಾರ್ಟನ್ನು ನಾಲ್ಕು ಮಡಿಕೆ ಮಾಡಿ ಬಾಗಿಲಿನ ಖಾನೆಗೆ ತುರುಕಿದ್ದರು. “ಮನಿಗೆ ತಿರುಗಸು” ಎಂದರು. “ಇಂಥಾ ಸ್ಥಿತಿಯೊಳಗ ಯಾರ ಮನಿಗೂ ನಾ ಬರಂಗಿಲ್ಲ. ಅಕ್ಕಗ ಫೋನ್ ಮಾಡಿ ಕಾರು ಕೆಟ್ಟಿತು ಅಂತ ಹೇಳು.”

ತಿರುಗಿಸಿದರೆ ಇವರು ಮತ್ತೆಂದೂ ಮನೆಯಿಂದ ಹೊರಡುವುದಿಲ್ಲ, ಅಕ್ಕನನ್ನು ನೋಡುವುದಿಲ್ಲ. ಅದು ನನಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ಅವರ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತೆ.

“ಅಪ್ಪಾ, ತಪ್ಪು ನಂದು. ಕಾರಿಂದಲ್ಲ, ನಿಮ್ಮದೂ ಅಲ್ಲ.”

ಅವರು ಸೀಟ್‌ಬೆಲ್ಟು ಎಳೆದು ಸಿಕ್ಕಿಸಿಕೊಂಡರು.

“ಕಂಟ್ರೋಲರನ ಮಾತು ಮೀರಿ ಹಾಲ್ಟ್ ಬಿಟ್ಟು ಹೋದ ಡ್ರೈವರಗ ಏನು ಮಾಡ್ತಿದ್ರಿ ನೀವು?”

ಅಪ್ಪ ಎದುರಿನ ಗಾಜನ್ನೇ ನೋಡುತ್ತ, “ಗಾಡಿಯಿಂದ ಇಳಿಸಿ ಮನಿಗೆ ಕಳಸ್ತಿದ್ವಿ” ಎಂದರು.

“ಹಂಗಾದ್ರ ನನ್ನ ಇಳಸ್ರಿ.”

“ನಿನ್ನ ಇಳಿಸಿದ್ರ ಗಾಡಿ ಯಾರು ಹೊಡೀತಾರ?”

“ನಾ ಹೊಡೀತೀನ್ರಿ ಮಾವಾರ” ಎಂದಳು ನನ್ನ ಹೆಂಡತಿ, ನನ್ನ ಹಿಂದಿನಿಂದ. ಲೈಸೆನ್ಸ್ ಇದೆ ಅವಳಿಗೆ. ಆದರೆ ಚಾಂದ್‌ಖೇಡಾದ ತರಕಾರಿ ಮಾರುಕಟ್ಟೆ ಬಿಟ್ಟು ಹೆದ್ದಾರಿಯಲ್ಲಿ ಒಂದು ಮೈಲಿಯೂ ಓಡಿಸಿದವಳಲ್ಲ. ಅಪ್ಪ ತಿರುಗಿ ಅವಳನ್ನು ನೋಡಿದರು. ಅವಳು ಅಷ್ಟರಲ್ಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸ್ಟೀರಿಂಗಿನ ಮುಂದೆ ಕೂತೇಬಿಟ್ಟಿದ್ದಳು. “ಎಲ್ಲೆಲ್ಲಿ ಹೇಳ್ತೀರೋ ಅಲ್ಲಲ್ಲಿ ನಿಂದ್ರಸ್ತೀನಿ. ಗಿಡದ ಕೆಳಗ ಅಂದ್ರ ಗಿಡದ ಕೆಳಗ. ನನ್ನ ಮುಂದ ನಾಚಿಕಿ ಬ್ಯಾಡ್ರಿ, ಮೂವತ್ತು ವರ್ಷ ನಿಮ್ಮ ಮಗನ್ನ ಸಂಭಾಳಿಸೇನಿ.”

ಅಪ್ಪನ ತುಟಿಯ ಮೂಲೆ ಅಲುಗಿತು. ಅವರ ಕೈ ಬಾಗಿಲಿನ ಖಾನೆಗೆ ಹೋಯಿತು. ಚಾರ್ಟು ಬಿಚ್ಚಿ ಮಡಿಕೆಗಳನ್ನು ಅಂಗೈಯಿಂದ ತೀಡಿ, ಗಡಿಯಾರ ನೋಡಿದರು. “ಮಂಜಲ್‌ಪುರ ತಿರುಗಿ ಬರೂ ಮುಂದ ನೋಡೂಣು, ಅವ್ರಿಗೆ ಫೋನ್ ಮಾಡಿ ಹೇಳು. ಮುಂದಿನ ಹಾಲ್ಟ್ ಕರ್ಜಣ್. ನೀ ಹಿಂದ ಕುಂದ್ರು.”

ಹಿಂದೆ ಕೂತೆ, ಹೋಳಿಗೆ ಡಬ್ಬಿಗಳ ಪಕ್ಕ. ನನ್ನ ಕಾರಿನಲ್ಲಿ ನಾನೇ ಸಾಮಾನು.

ಆಮೇಲಿನ ಪಯಣವನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮೊದಲ ಹತ್ತು ಕಿಲೋಮೀಟರು ಹೆಂಡತಿ ಲಾರಿಗಳ ಹಿಂದೆ ಹೆದರಿ ಹೆದರಿ ತೆವಳಿದಳು. ಕರ್ಜಣ್ ಹೊತ್ತಿಗೆ ಅವಳಿಗೆ ಧೈರ್ಯ ಬಂತು, ಭರೂಚ್ ಹೊತ್ತಿಗೆ ಸೊಕ್ಕು ಬಂತು. ಪ್ರತಿ ನಿಲುಗಡೆಯಲ್ಲೂ ನಾನು ಕೇಬಲ್ ಚುಚ್ಚುತ್ತಿದ್ದೆ, ಅಪ್ಪ ಗಂಭೀರವಾಗಿ ಇಳಿದು ಹೋಗಿ ಬರುತ್ತಿದ್ದರು. ಕರ್ಜಣ್‌ನಲ್ಲಿ ಚಹಾ ಬೇಕೆಂದರು. ಮನೆಯಿಂದ ಹೊರಗೆ ಅವರು ಚಹಾ ಕೇಳಿ ಎಷ್ಟು ಕಾಲವಾಗಿತ್ತೋ! ಎರಡು ಲೋಟ ಕುಡಿದರು. ಭರೂಚ್‌ನಲ್ಲಿ ಉಪ್ಪು ಹಚ್ಚಿ ಹುರಿದ ಶೇಂಗಾ ಕೊಂಡು, ನಮ್ಮ ಕಡೆಯ ಶೇಂಗಾಕ್ಕೂ ಇದಕ್ಕೂ ಏನು ಫರಕೆಂದು ಅಂಗಡಿಯವನಿಗೆ ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ವಿವರಿಸಿದರು. ನರ್ಮದೆಯ ಸೇತುವೆಯ ಮೇಲೆ ಟೋಪಿ ತೆಗೆದರು. ಪಕ್ಕದ ರೈಲು ಸೇತುವೆಯ ಮೇಲೆ ಗೂಡ್ಸೊಂದು ಹೋಗುತ್ತಿತ್ತು. ಅದರ ಡಬ್ಬಿಗಳನ್ನು ಗಟ್ಟಿಯಾಗಿ ಎಣಿಸುತ್ತ ಕೂತರು. ಕೋಸಂಬಾದಲ್ಲಿ ಚಾರ್ಜರ್ ಕೆಟ್ಟಿತ್ತು, “ಚಾಲು ಛೇ” ಎಂದವನೇ ಕೈ ಅಲ್ಲಾಡಿಸಿದ. ಬ್ಯಾಟರಿ ಅರ್ಧಕ್ಕಿಂತ ಹೆಚ್ಚಿತ್ತು, ಚಿಂತೆಯಿರಲಿಲ್ಲ. ಆದರೂ ಇಪ್ಪತ್ತೈದು ನಿಮಿಷ ನಿಂತೆವು. ಯಾಕೆಂದು ಯಾರೂ ಯಾರನ್ನೂ ಕೇಳಲಿಲ್ಲ. ಬೇವಿನ ಗಿಡದ ನೆರಳಿತ್ತು, ಸಜ್ಜಿ ರೊಟ್ಟಿ ತಿಂದೆವು.

ವಡೋದರದಿಂದ ಸೂರತ್ತಿಗೆ ನೂರು ಸಲವಾದರೂ ಹೋಗಿದ್ದೇನೆ. ಹೀಗೆ ಊರೂರು ಮುಟ್ಟಿಕೊಂಡು ಹೋಗಿದ್ದು ಮೊದಲ ಸಲ. ಬೇಗ ಮುಟ್ಟುವುದನ್ನೇ ಪಯಣ ಅಂದುಕೊಂಡಿದ್ದವನು ನಾನು.

ಸಚಿನ್ ಮುಟ್ಟಿದಾಗ ಮೂರೂ ಹತ್ತು. ಕಾರ್ಖಾನೆಗಳ ಚಿಮಣಿಗಳನ್ನು ದಾಟಿ ಅತ್ತೆಯ ಮನೆಯ ಓಣಿಗೆ ತಿರುಗಿದರೆ ಅವಳು ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಹನ್ನೊಂದರಿಂದ ಅಲ್ಲೇ ಕೂತಿದ್ದಾಳೆಂದು ಅವಳ ಮಗ ಹೇಳಿದ. ಅಪ್ಪ ಧೋತರ ಸರಿಮಾಡಿಕೊಂಡು ಇಳಿದರು. ಅತ್ತೆ ಏಳಲು ಹೋದಳು, ಆಗಲಿಲ್ಲ; ಅಪ್ಪನೇ ಬಗ್ಗಿದರು. ಅವಳು ಅವರ ಗಲ್ಲ ಸವರಿ ತನ್ನ ಹಣೆಗೆ ನೆಟಿಗೆ ಮುರಿದುಕೊಂಡಳು. ಎಂಬತ್ತೊಂದರ ನನ್ನ ಅಪ್ಪ ಅವಳ ಮುಂದೆ ಎಂಟು ವರ್ಷದವರಾಗಿ ನಿಂತಿದ್ದರು.

“ಇಷ್ಟ್ಯಾಕ ಹೊತ್ತಾತೋ? ಮುಂಜಾನೆ ಬಿಟ್ಟವರು!”

ಉತ್ತರ ನನ್ನ ಬಾಯಲ್ಲಿ ತಯಾರಿತ್ತು. ಈ ಕಾರಿನದು ಹೀಗೇ ಅತ್ತೆ, ಆಗಾಗ ಚಾರ್ಜ್ ಮಾಡಬೇಕು ಎನ್ನಲು ಬಾಯಿ ತೆರೆದೆ. ಅಪ್ಪ ಕೈ ಎತ್ತಿ ತಡೆದರು.

“ಕಾರಿಂದಲ್ಲವಾ, ನಂದು. ತಾಸಿಗೊಮ್ಮೆ ಇಳೀಬೇಕಾಗ್ತೈತಿ ನನಗ. ತಡಕೊಳ್ಳಾಕ ಆಗಂಗಿಲ್ಲ. ಇವತ್ತೂ ದಾರ್‍ಯಾಗ ಪ್ಯಾಂಟು ತೊಯ್ಸಿಕೊಂಡ್ನಿ.” ಅಕ್ಕನ ಕೈ ಹಿಡಿದು ಹೇಳಿದರು: “ಮೂರು ವರ್ಷ ಅದಕ್ಕ ಬರಲಿಲ್ಲ. ಸೊಕ್ಕಿನಿಂದಲ್ಲ.”

ಓಣಿಯಲ್ಲಿ ಯಾರೋ ಸ್ಕೂಟರ್ ಚಾಲು ಮಾಡುತ್ತಿದ್ದರು. ಅತ್ತೆ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅವಳ ಬೊಚ್ಚು ಬಾಯಿ ನಡುಗಿತು. ಅಳುತ್ತಾಳೆ ಅಂದುಕೊಂಡೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

“ಅಯ್ಯ ನನ ಖೋಡಿ! ನಾನೂ ಅದಕ್ಕ ಬರಲಿಲ್ಲೋ. ಮೊಣಕಾಲು ಮೊಣಕಾಲು ಅಂತ ಸುಳ್ಳು ಹೇಳಿ ಹೇಳಿ, ನನ್ನ ಮಗ ಮೂರು ಥರದ ಎಣ್ಣಿ ತಂದಿಟ್ಟಾನ!”

ಅವಳ ಮಗ ನನ್ನನ್ನು ನೋಡಿದ, ನಾನು ಅವನನ್ನು. ಮರುಗಳಿಗೆ ಇಬ್ಬರೂ ತಲೆ ತಗ್ಗಿಸಿದೆವು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು, ಒಂದೇ ನಾಚಿಕೆಯನ್ನು ಮುಚ್ಚಿಟ್ಟುಕೊಂಡು, ಒಂದು ಹಗಲಿನ ದಾರಿಯ ಈಚೆಗೊಬ್ಬರು ಆಚೆಗೊಬ್ಬರು ಮೂರು ಚಳಿಗಾಲ ಕಳೆದಿದ್ದರು. ಫೋನಿನಲ್ಲಿ ಮಾತ್ರ ಬಾ ಎಂದರೆ ಬರುತ್ತೇನೆ ಎನ್ನುತ್ತ.

ನಾಲ್ಕು ದಿನ ಇದ್ದೆವು. ಡಾಕ್ಟರ ಹತ್ತಿರ ಇಬ್ಬರನ್ನೂ ಕರೆದೊಯ್ಯುವ ಮಾತು ಮೊದಲ ದಿನವೇ ನಿಶ್ಚಯವಾಯಿತು. ಸೀತನಿಯನ್ನು ಅಪ್ಪ ಬೊಗಸೆ ಬೊಗಸೆ ತಿಂದರು. ಕೊನೆಯ ದಿನ ಮಧ್ಯಾಹ್ನ ಅತ್ತೆಯ ಮನೆಯ ಚಾಪೆಯ ಮೇಲೆ ಹೊಸ ಹಾಳೆ ಹಾಸಿ ಮರುಪಯಣದ ಚಾರ್ಟು ಬರೆಯಲು ಕೂತರು. ನಾನು ಪಕ್ಕದಲ್ಲಿ ಫೋನು ಹಿಡಿದು ಒಂದೊಂದಾಗಿ ಚಾರ್ಜರುಗಳ ಹೆಸರು ಓದುತ್ತಿದ್ದೆ; ಅದರ ಜೊತೆ ಶೌಚಾಲಯ ಹೇಗಿದೆ ಎಂಬುದನ್ನೂ. ಅತ್ತೆ ನಮ್ಮೊಡನೆ ಬರುವವಳಿದ್ದಳು. ಒಳಗೆ ಅವಳ ಸೀರೆಗಳು ಚೀಲ ಸೇರುತ್ತಿದ್ದವು.

ಅಪ್ಪ ಸ್ಕೇಲು ಇಟ್ಟು ಕಾಮ್ರೇಜ್‌ವರೆಗೆ ಮೊದಲ ಗೆರೆ ಎಳೆದರು. ಎಳೆದು ನಿಲ್ಲಿಸಿ, ಕನ್ನಡಕ ಮೇಲೇರಿಸಿ, ಒಳಗಿನ ಕೋಣೆಯ ಕಡೆ ತಿರುಗಿ ಗಟ್ಟಿಯಾಗಿ ಕೇಳಿದರು:

“ಅಕ್ಕಾ, ನಿನಗ ಎಷ್ಟು ಹೊತ್ತಿಗೊಮ್ಮೆ?”

“ಮುಕ್ಕಾಲು ತಾಸು” ಎಂದು ಒಳಗಿನಿಂದ ಅಷ್ಟೇ ಗಟ್ಟಿಯಾಗಿ ಉತ್ತರ ಬಂತು.

ಅಪ್ಪ ರಬ್ಬರು ತೆಗೆದುಕೊಂಡು ಗೆರೆಯನ್ನು ಅಳಿಸಿದರು.